ತೋಟ ಅಡವಿಟ್ಟು ಬಿಎ ಓದಿಸಬಹುದಾ?

ಪೆರ್ಲದ ಕೃಷಿಕ: ಮಗಳ ಪ್ಲಸ್ ಟು ಮುಗಿಯಿತು. ಹರಿಯಾಣದ ಅಶೋಕ ಯೂನಿವರ್ಸಿಟಿಗೇ ಹೋಗಬೇಕು, ಇತಿಹಾಸವೂ ಎಕನಾಮಿಕ್ಸೂ ಒಟ್ಟಿಗೆ ಓದಬೇಕು ಅಂತಾಳೆ. ಫೀಸು, ಹಾಸ್ಟೆಲ್ ಸೇರಿ ವರ್ಷಕ್ಕೆ 10 ಲಕ್ಷದ ಮೇಲೆ. ಅಡಿಕೆ ತೋಟದ ಆಧಾರ (ಜಾಗದ ದಸ್ತಾವೇಜು) ಬ್ಯಾಂಕಿಗೆ ಕೊಟ್ಟರೆ ಸಾಲ ಸಿಗುತ್ತದೆ. ತೆಗೆಯಲಾ?

ಕುಂಬಳೆಯವ: ನಾಲ್ಕು ವರ್ಷದ ಬಿಎಗೆ 40 ಲಕ್ಷವಾ? ಕಾಸರಗೋಡು ಸರ್ಕಾರಿ ಕಾಲೇಜು 1957ರಿಂದ ಇದೆ. ನಮ್ಮೂರಿನ ಅರ್ಧ ಮಾಷ್ಟ್ರುಗಳು ಅಲ್ಲಿಂದಲೇ ಬಂದವರು. ಅಲ್ಲಿಗೇ ಸೇರಿಸಿ.

ಬದಿಯಡ್ಕದ ಹುಡುಗಿ: ಅಷ್ಟು ಸುಲಭಕ್ಕೆ ತಳ್ಳಿಹಾಕಬೇಡಿ ಅಣ್ಣ. ನಾನು ಬೆಂಗಳೂರಿನಲ್ಲಿ ಇಂಥದ್ದೇ ಕಡೆ ಸ್ಕಾಲರ್‌ಶಿಪ್‌ನಲ್ಲಿ ಓದಿದೆ. ಹತ್ತರವರೆಗೆ ಕನ್ನಡ ಮೀಡಿಯಂ. ಮೊದಲ ಪ್ರಬಂಧ ವಾಪಸು ಬಂದಾಗ ಅಂಚಿನ ತುಂಬ ಮೇಡಂ ಬರೆದಿದ್ದರು: "ಇದು ನಿನಗೆ ಹೇಗೆ ಗೊತ್ತು? ಯಾರು ಹೇಳಿದ್ದು?" ಮೂರು ಸಲ ತಿದ್ದಿ ಬರೆದೆ. ಮೂರು ಸಲವೂ ಅವರು ಕೂತು ಓದಿದರು. ಈಗ ಕೆಲಸದಲ್ಲಿ ಯಾವ ವರದಿ ಕೈಗೆ ಬಂದರೂ ಆ ಪ್ರಶ್ನೆ ಕೇಳಿಯೇ ಮುಂದೆ ಹೋಗುತ್ತೇನೆ. ದುಡ್ಡು ಕೊಡುವುದು ಇದಕ್ಕೆ. ಕಟ್ಟಡಕ್ಕಲ್ಲ.

ಮುಳ್ಳೇರಿಯ ಮಾಷ್ಟ್ರು: ಒಪ್ಪುತ್ತೇನೆ. ನನ್ನ ಕ್ಲಾಸಿನಲ್ಲಿ ಒಬ್ಬೊಬ್ಬರ ಬರಹವನ್ನೂ ಹಾಗೆ ಮೂರು ಸಲ ಓದಲು ಆಗುವುದಿಲ್ಲ. ಅಷ್ಟು ಮಕ್ಕಳು. ಆದರೆ ಎರಡು ವಿಷಯ ಒಟ್ಟಿಗೆ ಓದಲು ಹರಿಯಾಣಕ್ಕೇ ಹೋಗಬೇಕಾಗಿಲ್ಲ. 2024ರಿಂದ ಕೇರಳದಲ್ಲಿ ನಾಲ್ಕು ವರ್ಷದ ಡಿಗ್ರಿ ಬಂದಿದೆ. ಒಂದು ಮೇಜರ್, ಅಂದರೆ ಮುಖ್ಯ ವಿಷಯ, ಜೊತೆಗೆ ಮೈನರ್, ಅಂದರೆ ಉಪವಿಷಯ. ಮೂರು ವರ್ಷಕ್ಕೆ ಡಿಗ್ರಿ ತೆಗೆದುಕೊಂಡು ಹೊರಡಲೂಬಹುದು. ಮೇಲೆ ಎಂಎಗೆ ಪೆರಿಯದಲ್ಲೇ ಕೇಂದ್ರೀಯ ವಿವಿ ಇದೆ.

ಬದಿಯಡ್ಕದ ಹುಡುಗಿ: ಕಾಗದದಲ್ಲಿ ಮೈನರ್ ಇದೆ ಮಾಷ್ಟ್ರೇ. ಕಾಲೇಜಿನಲ್ಲಿ ಆ ವಿಭಾಗವೂ ಇರಬೇಕಲ್ವಾ? ಇದ್ದ ವಿಷಯದಲ್ಲೇ ಆರಿಸಬೇಕು.

ಬ್ಯಾಂಕಿನಲ್ಲಿದ್ದವ: ಲೆಕ್ಕ ನೋಡಿ. 40 ಲಕ್ಷ, ಶೇ. 10 ಬಡ್ಡಿ, 15 ವರ್ಷ ಅಂದರೆ ತಿಂಗಳ ಕಂತು ಹತ್ತಿರಹತ್ತಿರ 43 ಸಾವಿರ. ಕೋರ್ಸ್ ಮುಗಿದು ಒಂದು ವರ್ಷದವರೆಗೆ ಸಾಮಾನ್ಯವಾಗಿ ಕಂತು ಕಟ್ಟಬೇಕಾಗಿಲ್ಲ, ಆದರೆ ಬಡ್ಡಿ ಓಡುತ್ತಲೇ ಇರುತ್ತದೆ. ಅದನ್ನೂ ಸೇರಿಸಿದರೆ ಕಂತು ಇನ್ನೂ ಜಾಸ್ತಿ. ಇತಿಹಾಸ ಓದಿದ ಹುಡುಗಿಗೆ ಮೊದಲ ಕೆಲಸದಲ್ಲಿ ಅಷ್ಟು ಕಟ್ಟಿ ಉಳಿಯುವ ಸಂಬಳ ಸಿಗುವುದು ಕಷ್ಟ. ಎಂಎ, ಪಿಎಚ್‌ಡಿ ಅಂತ ಮುಂದೆ ಓದುವ ಆಸೆಯಿದ್ದರೆ ಸಾಲವೇ ಅಡ್ಡ ಬರುತ್ತದೆ. ಅಡಿಕೆಗೆ ಮಹಾಳಿ (ಕೊಳೆರೋಗ) ಬಂದ ವರ್ಷ ತೋಟದಿಂದ ಕಟ್ಟುತ್ತೇನೆ ಅನ್ನುವುದೂ ಆಗದು. ದಯವಿಟ್ಟು ತೋಟ ಅಡವಿಡಬೇಡಿ.

ಪೆರ್ಲದ ಕೃಷಿಕ: ಈ ಕಂತಿನ ಲೆಕ್ಕ ಯಾರೂ ಬಿಡಿಸಿ ಹೇಳಿರಲಿಲ್ಲ. ಹಾಗಾದರೆ ಅವಳಿಗೆ ಬೇಡ ಅನ್ನಬೇಕಾ?

ಬದಿಯಡ್ಕದ ಹುಡುಗಿ: ಬೇಡ ಅನ್ನಬೇಡಿ ಮಾವ. ಅರ್ಜಿ ಹಾಕಲಿ. ಮನೆಯ ಆದಾಯ ನೋಡಿ ಫೀಸು ಬಿಡುವ ಕ್ರಮ ಅಶೋಕದಲ್ಲೂ ಇದೆ, ಬೆಂಗಳೂರಿನ ಅಜೀಂ ಪ್ರೇಂಜಿ ಯೂನಿವರ್ಸಿಟಿಯಲ್ಲೂ ಇದೆ. ಎರಡಕ್ಕೂ ಹಾಕಲಿ. ಉಳಿಯುವ ಮೊತ್ತ ನೋಡಿ ತೀರ್ಮಾನ ಮಾಡಿ.

ಮುಳ್ಳೇರಿಯ ಮಾಷ್ಟ್ರು: ಸರ್ಕಾರಿ ಕಾಲೇಜಿನ ಅರ್ಜಿಯೂ ಜೊತೆಗಿರಲಿ. ಇಲ್ಲಿ ಸೇರಿದರೆ ಅವಳು ಬರೆದದ್ದನ್ನು ಓದಿ ತಿದ್ದಿಕೊಡಲು ನಾನಿದ್ದೇನೆ.

ಬ್ಯಾಂಕಿನಲ್ಲಿದ್ದವ: ಆದಾಯ ಪ್ರಮಾಣಪತ್ರಕ್ಕೆ ಅಕ್ಷಯ ಕೇಂದ್ರದಲ್ಲಿ (ಸರ್ಕಾರಿ ಅರ್ಜಿ ಹಾಕುವ ಸೇವಾ ಕೇಂದ್ರ) ಈಗಲೇ ಅರ್ಜಿ ಕೊಡಿ. ತೀರ್ವೆ (ಭೂಕಂದಾಯ) ರಶೀದಿ ಈ ವರ್ಷದ್ದೇ ಇರಲಿ.