ಪದ ಬೇಕು, ತುರ್ತು: ಸೇಫ್ಟಿ ಮಾನಿಟರಿಂಗ್, ಇನ್‌ಸ್ಪೆಕ್ಷನ್, ಆಡಿಟ್

ಸುಂಟಿಕೊಪ್ಪದಿಂದ:
ಬಲ್ಲವರಿಗೆ ನಮಸ್ಕಾರ. ಮಾರ್ಚ್ 4 ರಾಷ್ಟ್ರೀಯ ಸುರಕ್ಷತಾ ದಿನ. ಅಷ್ಟರೊಳಗೆ ನಮ್ಮ ತೋಟದ ಆಫೀಸಿನ ಎದುರು ಕನ್ನಡದಲ್ಲಿ ಬೋರ್ಡು ನಿಲ್ಲಿಸಬೇಕು. ಇಂಗ್ಲಿಷ್ ಫಾರಂನಲ್ಲಿ ಮಾನಿಟರಿಂಗ್, ಇನ್‌ಸ್ಪೆಕ್ಷನ್, ಆಡಿಟ್ ಅಂತ ಮೂರು ಬೇರೆ ಬೇರೆ ಸಾಲು. ಮೂರಕ್ಕೂ 'ಪರಿಶೀಲನೆ' ಹಾಕಿದ್ದಕ್ಕೆ ಮ್ಯಾನೇಜರು ಹಾಳೆ ವಾಪಸ್ ಕಳಿಸಿದರು. ಮಾನಿಟರಿಂಗ್‌ನಲ್ಲಿ ಮತ್ತೆ ಆಕ್ಟಿವ್, ರಿಯಾಕ್ಟಿವ್ ಅಂತ ಎರಡು. ಅನಾಹುತ ಆಗುವ ಮೊದಲೇ ಏಣಿ, ಹಗ್ಗ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಬೆಲ್ಟಿನ ಗಾರ್ಡು ನೋಡಿಕೊಂಡಿರುವುದು ಮೊದಲನೆಯದು. ಆದ ಮೇಲೆ ಯಾರಿಗೆ ಏಟಾಯಿತು, ಎಷ್ಟು ಹಾಜರಿ ತಪ್ಪಿತು ಎಂದು ಬರೆದಿಡುವುದು ಎರಡನೆಯದು. 'ಸಕ್ರಿಯ', 'ಪ್ರತಿಕ್ರಿಯಾತ್ಮಕ' ಎಂದು ಓದಿ ಹೇಳಿದರೆ ತೋಟದ ಲೆಕ್ಕ ಬರೆಯುವ ರೈಟರು ನಕ್ಕುಬಿಟ್ಟರು. ನಾಳೆಯೊಳಗೆ ತಿಳಿಸಿದರೆ ಉಪಕಾರ.

ಮಡಿಕೇರಿಯಿಂದ:
ಇನ್‌ಸ್ಪೆಕ್ಷನ್‌ಗೆ ತಪಾಸಣೆ, ಮಾನಿಟರಿಂಗ್‌ಗೆ ನಿಗಾ ಎನ್ನುವವರಿದ್ದಾರೆ, ಎರಡೂ ಬೇಡ. ಮೊದಲನೆಯದು ಮರಾಠಿಯಿಂದ, ಎರಡನೆಯದು ಫಾರ್ಸಿಯ 'ನಿಗಾಹ್'ನಿಂದ ಬಂದದ್ದು. ನಿರೀಕ್ಷಣೆಯೂ ಬೇಡ, ಸಂಸ್ಕೃತದಲ್ಲಿ ನೋಡುವುದಾಗಿದ್ದ ನಿರೀಕ್ಷೆ ಕನ್ನಡಕ್ಕೆ ಬಂದು ಕಾಯುವುದಾಗಿದೆ. ಕಣ್ಣು ಎಂಬ ಮಾತು ನಮ್ಮಲ್ಲೇ ಇರುವಾಗ ಸಾಲ ಏಕೆ? ಕಣ್+ಕಾಪು, ಆದೇಶವಾಗಿ ಕಣ್ಗಾಪು. ತೋಟದವರಿಗೆ ಹೊಸತೂ ಅಲ್ಲ. ಆಳುಗಳ ಮೇಲ್ವಿಚಾರಕನಿಗೆ ಹೇಳುವ ಕಂಗಾಣಿ ಎಂಬುದರಲ್ಲಿರುವುದೂ ಇದೇ ಕಣ್ಣು, ಇದೇ ಕಾಣು. ಮಾನಿಟರಿಂಗ್‌ಗೆ ಕಣ್ಗಾಪು, ಇನ್‌ಸ್ಪೆಕ್ಷನ್‌ಗೆ ಕಂಗಾಣಿಕೆ, ಆಡಿಟ್‌ಗೆ ಒರೆನೋಟ. ಇನ್ನು ಚರ್ಚೆ ಬೇಕಿಲ್ಲ.

ಸಿದ್ದಾಪುರದಿಂದ:
ಬೇಕಿದೆ ಮೇಷ್ಟ್ರೇ. ಕಂಗಾಣಿ ತಮಿಳು ಆಳುಗಳಿದ್ದ ತೋಟಗಳ ಮಾತು. ಮುಂಗಡ ಕೊಟ್ಟು ಸಿಲೋನಿಗೆ, ಮಲಯಕ್ಕೆ ಜನ ಒಯ್ಯುತ್ತಿದ್ದವನು ಆತ. ಅವನ ಹೆಸರನ್ನು ಕಾರ್ಮಿಕರ ಸುರಕ್ಷತೆಯ ಬೋರ್ಡಿಗೆ ತರುತ್ತೀರಾ? ಇನ್ನು ಕಣ್ಗಾಪು ಎಂದರೆ ನೆನಪಾಗುವುದು ಸಿಸಿಟಿವಿ ಸುದ್ದಿಯ ಕಣ್ಗಾವಲು. ಕಾಳುಮೆಣಸು ಕೊಯ್ಯುವ ಕಾಲ ಬೇರೆ, ಕಳ್ಳತನಕ್ಕೆ ಕಾವಲು ಹಾಕಿದ್ದಾರೆ ಅಂದುಕೊಳ್ಳುತ್ತಾರೆ.

ಸುಂಟಿಕೊಪ್ಪದವರು ಕೇಳಿದ್ದಕ್ಕೆ ಉತ್ತರ. ನಿಗಾ ದಿನಾ ಇರುವಂಥದ್ದು. ರೋಗಿಯನ್ನು ನಿಗಾದಲ್ಲಿ ಇಡುತ್ತಾರೆ, ತಪಾಸಣೆಯಲ್ಲಿ ಇಡುವುದಿಲ್ಲ. ತಪಾಸಣೆ ಎಂದರೆ ಗೊತ್ತುಮಾಡಿದ ದಿನ, ಕೈಯಲ್ಲಿ ಪಟ್ಟಿ ಹಿಡಿದು, ಜಾಗಕ್ಕೇ ಹೋಗಿ ನೋಡುವುದು. ಮೆಣಸಿನ ಬಳ್ಳಿ ಹಬ್ಬಿದ ಮರಕ್ಕೆ ಅಲ್ಯೂಮಿನಿಯಂ ಏಣಿ ಒರಗಿಸಿದ್ದಾರೆ. ಮೇಲೆ ಕರೆಂಟಿನ ತಂತಿ ಇದೆಯೇ, ಏಣಿಯನ್ನು ನಿಲ್ಲಿಸಿಕೊಂಡೇ ಪಕ್ಕದ ಮರಕ್ಕೆ ಒಯ್ಯುವಾಗ ತುದಿ ತಾಗುತ್ತದೆಯೇ? ಆಫೀಸಿನಲ್ಲಿ ಕುಳಿತು ಇದನ್ನು 'ಪರಿಶೀಲಿಸ'ಬಹುದು, ತಪಾಸಣೆ ಮಾಡಲಾಗದು. ನೆರಳುಮರದ ಕೊಂಬೆ ಸವರುವ ಮರಗಸಿಯವನ ಸೊಂಟದ ಹಗ್ಗ ಒಳಗಿಂದ ಸವೆದಿದ್ದರೆ ಎಳೆ ಬಿಡಿಸಿ ತಿರುವಿದಾಗ ಮಾತ್ರ ಕಾಣುತ್ತದೆ. ಆಡಿಟ್ ಇದರ ಮೇಲಿನದು: ಈ ನಿಗಾ, ಈ ತಪಾಸಣೆ ನಿಜವಾಗಿ ನಡೆಯುತ್ತಿವೆಯೋ, ಪುಸ್ತಕದಲ್ಲಿ ಟಿಕ್ ಮಾತ್ರ ಬೀಳುತ್ತಿದೆಯೋ ಎಂದು ಆ ಕೆಲಸಕ್ಕೆ ಸಂಬಂಧಪಡದವರು ನೋಡುವುದು. ಲೆಕ್ಕಪರಿಶೋಧನೆ ಎಂದು ಬರೆಸಿದರೆ ದುಡ್ಡಿನ ವಿಷಯವಾಗುತ್ತದೆ. ಆಡಿಟ್ ಎಂದೇ ಬಿಡಿ. ಆಕ್ಟಿವ್‌ಗೆ 'ಆಗುವ ಮುಂಚಿನ ನಿಗಾ', ರಿಯಾಕ್ಟಿವ್‌ಗೆ 'ಆದ ಮೇಲಿನ ಲೆಕ್ಕ'.

ಕುಶಾಲನಗರದಿಂದ:
ಚಿಕ್ಕದಾಗಿ 'ಮುನ್ನಿಗಾ' ಅನ್ನಬಹುದಲ್ಲ? ಇನ್ನೊಂದು ವಿಷಯ. ಕಾಫಿ ಬೀಜ ಸಂಸ್ಕರಿಸುವ ನಮ್ಮ ಕ್ಯೂರಿಂಗ್ ವರ್ಕ್ಸ್‌ಗೆ 1948ರ ಕಾರ್ಖಾನೆ ಕಾಯ್ದೆ, ತೋಟಕ್ಕೆ 1951ರ ತೋಟ ಕಾರ್ಮಿಕರ ಕಾಯ್ದೆ ಎಂದಿತ್ತು. ಕೇಂದ್ರದ 2020ರ ಕೆಲಸದ ಸುರಕ್ಷತೆಯ ಸಂಹಿತೆ ಎರಡನ್ನೂ ಒಳಗೆ ಹಾಕಿಕೊಂಡು, ಇನ್‌ಸ್ಪೆಕ್ಟರ್ ಹೆಸರಿಗೆ 'ಫೆಸಿಲಿಟೇಟರ್' ಎಂಬ ಬಾಲ ಕಟ್ಟಿದೆ. ತಪ್ಪು ಹಿಡಿಯುವವರೇ ದಾರಿಯನ್ನೂ ತೋರಿಸಬೇಕಂತೆ. ಅದಕ್ಕೆ ಯಾರಾದರೂ ಪದ ಕಟ್ಟಿ ನೋಡೋಣ. ಅಂದಹಾಗೆ ರಾಜ್ಯದ ಇಲಾಖೆಯ ಹೆಸರಿನಲ್ಲಿ 'ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ' ಎಂದಿದೆ, ಆರೋಗ್ಯ ಎಂದಿಲ್ಲ.

ಮಡಿಕೇರಿಯಿಂದ:
ಮುನ್ನಿಗಾ ಅರಿಸಮಾಸ, ಕನ್ನಡ ಪದಕ್ಕೆ ಬೇರೆ ನುಡಿಯ ಪದ ಬೆಸೆದ ದೋಷ. ಸ್ವಾಸ್ಥ್ಯವನ್ನು ಲೈನ್‌ಮನೆಯ ಕಾರ್ಮಿಕರು ಉಚ್ಚರಿಸಲಿ, ಆಮೇಲೆ ಮಾತಾಡೋಣ. ಹೀಗೆ ಕಂಡಕಂಡದ್ದನ್ನೆಲ್ಲ ಒಳಗೆ ಬಿಟ್ಟುಕೊಂಡೇ ಕನ್ನಡ ಈ ಸ್ಥಿತಿಗೆ ಬಂದಿರುವುದು.

ಸಿದ್ದಾಪುರದಿಂದ:
ಅರಿಸಮಾಸದ ತಕರಾರು ಸಂಸ್ಕೃತಕ್ಕೂ ಕನ್ನಡಕ್ಕೂ ಇದ್ದದ್ದು, ಫಾರ್ಸಿಯನ್ನು ಏಕೆ ಎಳೆಯುತ್ತೀರಿ? ಮುನ್ನಿಗಾ ನನಗೂ ಹಿಡಿಸಲಿಲ್ಲ, ಆದರೆ ಅದು ಕಿವಿಗೆ ಕೂರಲಿಲ್ಲವೆಂಬ ಕಾರಣಕ್ಕೆ. ಮೇಸ್ತ್ರಿ ಪೋರ್ಚುಗೀಸ್, ರೈಟರ್ ಇಂಗ್ಲಿಷ್, ಹಾಜರಿ ಅರಬ್ಬಿ ಮೂಲದ್ದು. ಮೂರನ್ನೂ ಹೊರಗೆ ಹಾಕಿದರೆ ಬೆಳಿಗ್ಗೆ ತೋಟದಲ್ಲಿ ಕೆಲಸವೇ ಶುರುವಾಗುವುದಿಲ್ಲ. ಅಸ್ಸಾಮಿನಿಂದ ಬಂದವರು ಕಣ್ಗಾಪನ್ನೂ ಓದರು, ತಪಾಸಣೆಯನ್ನೂ ಓದರು. ಬೋರ್ಡಿನ ಮೇಲೆ ಏಣಿ, ತಂತಿಯ ಚಿತ್ರ ಬರೆಸಿ, ಕೆಳಗೆ ಹಿಂದಿಯಲ್ಲಿ ಒಂದು ಸಾಲು ಹಾಕಿಸಿ.

ಸುಂಟಿಕೊಪ್ಪದಿಂದ:
ನಿಗಾ, ತಪಾಸಣೆ, ಆಡಿಟ್ ಎಂದೇ ಕೊಡುತ್ತಿದ್ದೇನೆ, ಮೇಷ್ಟ್ರು ಬೇಸರಿಸಬಾರದು. ಫಾರಂನಲ್ಲಿ 'ನಿಯರ್ ಮಿಸ್' ಅಂತ ಒಂದು ಕಾಲಂ ಉಳಿದಿದೆ. ಕೊಂಬೆ ಪಕ್ಕದಲ್ಲೇ ಬಿತ್ತು, ಯಾರಿಗೂ ಏನೂ ಆಗಲಿಲ್ಲ, ಆ ಥರದ್ದು.

ಸಿದ್ದಾಪುರದಿಂದ:
'ಸ್ವಲ್ಪದರಲ್ಲಿ ತಪ್ಪಿದ್ದು'. ಕೆಲಸದವರು ಹೇಳುವುದೇ ಹಾಗೆ. 'ಸಮೀಪ ತಪ್ಪು' ಅಂತ ಮಾತ್ರ ಬರೆಸಬೇಡಿ.