ಇಗರ್ಜಿಯ ಯುವಸಂಘ ಮತದಾನದ ಕೆಲಸಕ್ಕೆ ಇಳಿಯಬಹುದಾ?

ಕಡಲಕರೆ: ಮಂಗಳೂರು ಕಡೆಯ ಐಸಿವೈಎಂ (ಕಥೋಲಿಕ ಯುವಸಂಘ) ಘಟಕಗಳಲ್ಲಿ ರಕ್ತದಾನ, ವನಮಹೋತ್ಸವ ಅಂದರೆ ಮುಂದೆ ಬರುವವರು ಮತದಾರರ ಪಟ್ಟಿ ಅಂದಕೂಡಲೇ ಹಿಂದೆ ಸರಿಯುತ್ತಾರೆ. 'ಇಗರ್ಜಿಗೂ ರಾಜಕೀಯಕ್ಕೂ ಏನು ಸಂಬಂಧ' ಅನ್ನುವುದು ಸಿದ್ಧ ಉತ್ತರ. ಭಾನುವಾರ ಪೂಜೆ ಮುಗಿದ ಮೇಲೆ ನೋಂದಣಿ ಶಿಬಿರ ಇಡಬಹುದಾ? ಅಭ್ಯರ್ಥಿಗಳನ್ನು ಕರೆಸಬಹುದಾ?

ಮತಗಟ್ಟೆ: ಶಿಬಿರ ಧಾರಾಳವಾಗಿ ಇಡಿ, ಬಿಎಲ್‌ಒಗೆ (ಮತಗಟ್ಟೆ ಮಟ್ಟದ ಅಧಿಕಾರಿಗೆ) ಮೊದಲೇ ತಿಳಿಸಿ. 17 ದಾಟಿದವರೂ ಹೊಸ ಹೆಸರು ಸೇರಿಸುವ ಅರ್ಜಿ, ಅಂದರೆ ನಮೂನೆ 6, ಮುಂಗಡವಾಗಿ ಕೊಡಬಹುದು. 18 ತುಂಬಿದ ಲೆಕ್ಕ ಹಿಡಿಯಲು ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್‌ಗಳ 1ನೇ ತಾರೀಖು.

ಎಡವುವುದು ದಾಖಲೆಯಲ್ಲಿ. ಜ್ಞಾನಸ್ನಾನದ ಸರ್ಟಿಫಿಕೇಟ್ ಹಿಡಿದು ಬರುತ್ತಾರೆ. ನಮೂನೆಯ ಪಟ್ಟಿಯಲ್ಲಿ ಅದಿಲ್ಲ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ ತರಿಸಿ. ಆಮೇಲೆ ಅಡ್ಡಹೆಸರು. ಡಿಸೋಜ ಅನ್ನುವುದು ಆಧಾರ್‌ನಲ್ಲಿ ಕೂಡಿಕೊಂಡಿರುತ್ತದೆ, ಓಟರ್ ಕಾರ್ಡಿನಲ್ಲಿ 'ಡಿ' ಒಂದು ಕಡೆ 'ಸೋಜ' ಒಂದು ಕಡೆ. ಹೆಸರು ಹಾಕಿ ಹುಡುಕಿ 'ಪಟ್ಟಿಯಲ್ಲೇ ಇಲ್ಲ' ಅಂತ ಹೊಸ ಅರ್ಜಿ ಹಾಕಬೇಡಿ, ಓಟರ್ ಕಾರ್ಡಿನ ಮೇಲಿರುವ ಎಪಿಕ್ ನಂಬರಿನಿಂದ ಹುಡುಕಿ. ಬೆಂಗಳೂರಿಗೆ ಹೋದವರಿಗೆ ವಿಳಾಸ ಬದಲಾವಣೆಯ ನಮೂನೆ 8. ಕುವೈತ್, ದುಬೈಯವರಿಗೆ 6ಎ, ಆದರೆ ಓಟು ಹಾಕಲು ಊರಿಗೇ ಬರಬೇಕು!

ಕಲಂ123: ಅಭ್ಯರ್ಥಿಗಳನ್ನು ಚರ್ಚ್ ಹಾಲ್‌ಗೆ ಕರೆಸಲೇಬೇಡಿ. ಪಕ್ಷದ ಕೆಲಸಕ್ಕೆ ಆವರಣವನ್ನೋ ಹಣವನ್ನೋ ಬಳಸಿದರೆ 1988ರ ಧಾರ್ಮಿಕ ಸಂಸ್ಥೆಗಳ ದುರುಪಯೋಗ ತಡೆ ಕಾಯ್ದೆಯಡಿ 5 ವರ್ಷದವರೆಗೆ ಜೈಲು. 'ನಮ್ಮವನಿಗೆ ಓಟು' ಎಂಬ ವಾಟ್ಸಾಪ್ ಸಂದೇಶ ಅಭ್ಯರ್ಥಿಯ ಒಪ್ಪಿಗೆಯಿಂದ ಹೊರಟಿದ್ದರೆ ಅವರ ಗೆಲುವೇ ರದ್ದಾಗಬಹುದು. ಮತದಾರನ ಧರ್ಮ ಹಿಡಿದು ಓಟು ಕೇಳುವುದೂ ಭ್ರಷ್ಟಾಚರಣೆ ಎಂದು 2017ರಲ್ಲಿ ಸುಪ್ರೀಂ ಕೋರ್ಟ್ 4:3ರಲ್ಲಿ ತೀರ್ಪು ಕೊಟ್ಟಿದೆ.

ಇನ್ನು ಆ ಸಿದ್ಧ ಉತ್ತರ. ಅಧಿಕಾರದ ಹುದ್ದೆ ಬೇಡ, ಪಕ್ಷದಲ್ಲಿ ಸಕ್ರಿಯರಾಗುವುದು ಬೇಡ ಅನ್ನುವ ಕ್ಯಾನನ್ (ಕಥೋಲಿಕ ಸಭೆಯ ಕಾನೂನಿನ ಕಲಂ) 285, 287 ಇರುವುದು ಫಾದರ್‌ಗಳಿಗೆ. 227 ಜನಸಾಮಾನ್ಯ ಕ್ರೈಸ್ತರಿಗೆ ಲೌಕಿಕ ವಿಷಯದಲ್ಲಿ ಸ್ವಾತಂತ್ರ್ಯವನ್ನೇ ಕೊಡುತ್ತದೆ. ಫಾದರ್‌ಗಳ ಕಡಿವಾಣವನ್ನು ಹುಡುಗರು ತಾವೇ ಹಾಕಿಕೊಂಡಿದ್ದಾರೆ, ಅಷ್ಟೇ.

ಬೆಟ್ಟದಾಚೆ: ಮಿಜೋರಾಂ ನೋಡಿ. 2006ರಲ್ಲಿ ಪ್ರೆಸ್ಬಿಟೇರಿಯನ್ ಚರ್ಚಿನ ಮುಂದಾಳತ್ವದಲ್ಲಿ ಹುಟ್ಟಿದ ಮಿಜೋರಾಂ ಪೀಪಲ್ಸ್ ಫೋರಂ ಎಲ್ಲ ಅಭ್ಯರ್ಥಿಗಳನ್ನೂ ಒಂದೇ ವೇದಿಕೆಗೆ ಹತ್ತಿಸುತ್ತದೆ. ಭಾನುವಾರದ ಆರಾಧನೆಗೆ ಅಡ್ಡಿ ಎಂದು 2023ರ ಮತ ಎಣಿಕೆ ಡಿಸೆಂಬರ್ 3ರಿಂದ 4ಕ್ಕೆ ಹೋಯಿತು. ಅಲ್ಲಿ ಬಹುತೇಕ ಎಲ್ಲರೂ ಕ್ರೈಸ್ತರು, ಹಾಗಾಗಿ ನಡೆಯುತ್ತದೆ. ನಮ್ಮಲ್ಲಿ 2019ರ ಏಪ್ರಿಲ್ 18, ಈಸ್ಟರ್‌ಗೆ ಮುಂಚಿನ ಪವಿತ್ರ ಗುರುವಾರವೇ ಮತದಾನವಿತ್ತು, ದಿನ ಬದಲಾಗಲಿಲ್ಲ.

ಆ ತರಹದ ವೇದಿಕೆ ನಮ್ಮಲ್ಲೂ ಬೇಕಿದ್ದರೆ ಪುರಭವನವನ್ನು ಬಾಡಿಗೆಗೆ ಹಿಡಿಯಿರಿ, ಬೇರೆ ಧರ್ಮದ ಯುವಕ ಮಂಡಲಗಳನ್ನೂ ಸೇರಿಸಿ. ವಾಳೆಯ (ಇಗರ್ಜಿ ವ್ಯಾಪ್ತಿಯ ಕೇರಿಯ) ಗುರಿಕಾರರ, ಅಂದರೆ ಮುಖಂಡರ ಜತೆ ಮನೆ ಮನೆ ಸುತ್ತಿ ಪಳಗಿದವರಿಗೆ ವಾರ್ಡ್ ಸಭೆ ಕಷ್ಟವಲ್ಲ. 21 ತುಂಬಿದರೆ ಪಂಚಾಯಿತಿಗೆ ನಿಲ್ಲಲೂಬಹುದು.