ಚಿಕ್ಕಪ್ಪನ ಹೊಸ ಕಾರು, ಒಂದು ಫಾರ್ವರ್ಡ್ ಮತ್ತು ನಮ್ಮ ಮನೆ ಗುಂಪು

ಚಿಕ್ಕಪ್ಪ (ಹಲವು ಬಾರಿ ಫಾರ್ವರ್ಡ್ ಮಾಡಲಾಗಿದೆ): ಇನ್ನು ಸ್ಟೀರಿಂಗ್ ಮರೆತುಬಿಡಿ!! ಹೊಸ ಕಾರುಗಳ ಅಡಾಸ್ ತಂತ್ರಜ್ಞಾನದಿಂದ ಕಾರು ತಾನೇ ಬ್ರೇಕ್ ಹಾಕುತ್ತದೆ, ತಾನೇ ಲೇನ್ ಹಿಡಿಯುತ್ತದೆ, ಮುಂದಿನ ಗಾಡಿಯನ್ನು ತಾನೇ ಹಿಂಬಾಲಿಸುತ್ತದೆ. ನೀವು ಆರಾಮಾಗಿ ಕೂತು ಫೋನಿನಲ್ಲಿ ಮಾತಾಡಬಹುದು. ಎಲ್ಲರೂ ಇಂಥ ಕಾರು ಕೊಂಡರೆ ನಗರದಲ್ಲಿ ಟ್ರಾಫಿಕ್ ಜಾಮ್ ಎಂಬುದೇ ಇರುವುದಿಲ್ಲ!! ತಂತ್ರಜ್ಞಾನಕ್ಕೆ ಹೆದರುವವರು ಹಿಂದೆ ಉಳಿಯುತ್ತಾರೆ. ಹತ್ತು ಜನರಿಗೆ ಕಳಿಸಿ.

ಚಿಕ್ಕಪ್ಪ: ನಾನು ನೋಡಿಟ್ಟಿರುವ ಕಾರಿನ ಟಾಪ್ ಮಾಡೆಲ್‌ನಲ್ಲಿ ಇದೆಲ್ಲ ಇದೆಯಂತೆ. ಬುಕ್ ಮಾಡೋಣ ಅಂತಿದ್ದೇನೆ. ಪುಟ್ಟಿ, ಸಾಫ್ಟ್‌ವೇರ್‌ನವರು ಏನಂತೀರಿ?

ಕಿಟ್ಟಿ: ಅಪ್ಪಾ, ಸೂಪರ್. ಕೇಳುವುದೇ ಬೇಡ, ತಗೊಳ್ಳಿ.

ನಾನು: ಕಾರು ತಗೊಳ್ಳಿ ಚಿಕ್ಕಪ್ಪ, ಬೇಡ ಅನ್ನುವುದಿಲ್ಲ. ಆ ಮೆಸೇಜಿನಲ್ಲಿ ಬ್ರೇಕ್ ವಿಷಯ ಹೆಚ್ಚುಕಮ್ಮಿ ನಿಜ. ಫೋನಿನಲ್ಲಿ ಮಾತಾಡಬಹುದು ಅನ್ನುವುದು ಅಪಾಯ. ಜಾಮ್ ಇರುವುದಿಲ್ಲ ಅನ್ನುವುದು ಬರೀ ಬೊಗಳೆ.

ಕಿಟ್ಟಿ: ಅಕ್ಕ ಶುರು ಮಾಡಿದಳು. ಕೋಡ್ ಬರೆಯುವವರಿಗೇ ಕೋಡ್ ಮೇಲೆ ನಂಬಿಕೆ ಇಲ್ಲ.

ನಾನು: ಬರೆಯುವವರಿಗೇ ಕಣೋ ಗೊತ್ತಿರುವುದು.

ಭಾವ: ಪುಟ್ಟಿ, ನಾನು ಹೆದ್ದಾರಿಯಲ್ಲಿ ಅಡಾಪ್ಟಿವ್ ಕ್ರೂಸ್ (ಮುಂದಿನ ಗಾಡಿಗೆ ತಕ್ಕ ಹಾಗೆ ಕಾರೇ ವೇಗ ಹೊಂದಿಸಿಕೊಳ್ಳುವುದು) ಹಾಕಿಕೊಂಡೇ ಹೋಗುವುದು. ಕಾಲಿಗೆ ಎಷ್ಟು ಆರಾಮ ಗೊತ್ತಾ? ಎಲ್ಲವನ್ನೂ ತೆಗೆದುಹಾಕಬೇಡ.

ನಾನು: ಹೆದ್ದಾರಿಗೆ ಸರಿ ಭಾವ. ಅಲ್ಲಿ ಎಲ್ಲರೂ ಒಂದೇ ದಿಕ್ಕಿಗೆ, ಹೆಚ್ಚುಕಮ್ಮಿ ಒಂದೇ ವೇಗದಲ್ಲಿ ಹೋಗುತ್ತಿರುತ್ತಾರೆ. ಗೆರೆಗಳೂ ಕಾಣುತ್ತವೆ. ಚಿಕ್ಕಪ್ಪ ಓಡಿಸುವುದು ಸಿಟಿ ಒಳಗೆ. ಮುಂದೆ ಸುರಕ್ಷಿತವಾದ ಜಾಗ ಬಿಟ್ಟು ಕಾರು ಹೋಗುತ್ತಿದೆ ಅನ್ನಿ. ಆ ಜಾಗಕ್ಕೆ ಒಂದು ಬೈಕ್ ನುಗ್ಗುತ್ತದೆ. ಕಾರು ಬ್ರೇಕ್ ಒತ್ತಿ ಮತ್ತೆ ಜಾಗ ಮಾಡಿಕೊಳ್ಳುತ್ತದೆ. ಅಲ್ಲಿಗೆ ಇನ್ನೊಬ್ಬರು ಬರುತ್ತಾರೆ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ. ಅದರ ಕೈಯಲ್ಲಿ ಕೊಟ್ಟು ಕೂತರೆ ಎಲ್ಲರಿಗೂ ದಾರಿ ಬಿಡುತ್ತಾ ನಿಂತಲ್ಲೇ ನಿಂತಿರಬೇಕು.

ಅಪ್ಪ: ಒಳ್ಳೆಯ ಸಂಸ್ಕಾರದ ಕಾರು.

ಅಕ್ಕ: ಅಪ್ಪಾ!

ಚಿಕ್ಕಪ್ಪ: ಅಲ್ಲ ಪುಟ್ಟಿ, ಅಪಾಯ ಅಂದೆಯಲ್ಲ, ಯಾಕೆ? ಮನುಷ್ಯನಿಗಿಂತ ಕಂಪ್ಯೂಟರ್ ಬೇಗ ನೋಡುತ್ತದೆ ಅಂತಾರಲ್ಲ.

ನಾನು: ಬೇಗ ನೋಡುತ್ತದೆ. ನೋಡಿದ್ದು ಏನು ಅಂತ ಅರ್ಥ ಮಾಡಿಕೊಳ್ಳುವುದು ಬೇರೆ. ಸ್ವಲ್ಪ ಉದ್ದ ಬರೆಯುತ್ತೇನೆ, ಪೂರ್ತಿ ಓದಿ.

ಕಾರು ಎಷ್ಟರ ಮಟ್ಟಿಗೆ ತಾನಾಗಿ ಓಡುತ್ತದೆ ಎನ್ನುವುದಕ್ಕೆ 0ಯಿಂದ 5ರವರೆಗೆ ಹಂತಗಳಿವೆ. ಎಸ್‌ಎಇ ಎಂಬ ಎಂಜಿನಿಯರುಗಳ ಸಂಸ್ಥೆ 2014ರಲ್ಲಿ ಹಾಕಿಕೊಟ್ಟ ಅಳತೆ. ಶೋರೂಮಿನಲ್ಲಿ ಅಡಾಸ್ ಅಂತ ತೋರಿಸುವುದು ಹೆಚ್ಚೆಂದರೆ 2ನೇ ಹಂತ. ಸ್ಟೀರಿಂಗ್, ಆಕ್ಸಿಲರೇಟರ್, ಬ್ರೇಕ್ ಮೂರನ್ನೂ ಕಾರು ನೋಡಿಕೊಳ್ಳಬಹುದು. ರಸ್ತೆಯನ್ನು ನೋಡುತ್ತಾ ಇರಬೇಕಾದವರು ಮಾತ್ರ ನೀವೇ. ಕಾರು ಕೈಬಿಟ್ಟ ಕ್ಷಣದಲ್ಲಿ ನೀವು ಹಿಡಿದುಕೊಳ್ಳಬೇಕು. ಆ ಕ್ಷಣ ಯಾವಾಗ ಅಂತ ಅದು ಮೊದಲೇ ಹೇಳುವುದಿಲ್ಲ.

2018ರ ಮಾರ್ಚ್‌ನಲ್ಲಿ ಅಮೆರಿಕದ ಅರಿಝೋನಾ ರಾಜ್ಯದ ಟೆಂಪಿಯಲ್ಲಿ ಊಬರ್‌ನ ಪರೀಕ್ಷಾ ಕಾರು ಒಬ್ಬ ಹೆಂಗಸಿಗೆ ಗುದ್ದಿತು. ರಾತ್ರಿ ಹೊತ್ತು, ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದರು. ತೀರಿಕೊಂಡರು. ಗುದ್ದುವುದಕ್ಕೆ 5.6 ಸೆಕೆಂಡ್ ಮುಂಚೆಯೇ ಕಾರಿಗೆ ಅವರು ಕಂಡಿದ್ದರು ಅಂತ ತನಿಖೆಯಲ್ಲಿ ಗೊತ್ತಾಯಿತು. ಆದರೆ ಸಾಫ್ಟ್‌ವೇರ್ ಒಮ್ಮೆ ವಾಹನ ಅಂದುಕೊಂಡಿತು, ಒಮ್ಮೆ ಬೇರೇನೋ, ಒಮ್ಮೆ ಸೈಕಲ್. ಹೆಸರು ಬದಲಾಯಿಸಿದಾಗಲೆಲ್ಲ ಹಿಂದಿನ ಜಾಡು ಮರೆತು, ಹೊಸ ವಸ್ತು ಕಂಡ ಹಾಗೆ ಮೊದಲಿನಿಂದ ಲೆಕ್ಕ ಹಾಕಿತು. ಕಾರು ತಯಾರಿಸಿದವರು ಹಾಕಿಕೊಟ್ಟಿದ್ದ ತುರ್ತು ಬ್ರೇಕ್ ವ್ಯವಸ್ಥೆ ಇತ್ತು. ಪರೀಕ್ಷೆ ನಡೆಯುವಾಗ ಅದು ಆಫ್ ಆಗಿರುವಂತೆ ಮಾಡಿದ್ದರು. ಇನ್ನು ಸೀಟಿನಲ್ಲಿ ಕಾವಲಿಗೆ ಅಂತಲೇ ಕೂತಿದ್ದವರು ರಸ್ತೆ ಬಿಟ್ಟು ಫೋನ್ ನೋಡುತ್ತಿದ್ದರು.

ಅತ್ತೆ: ಅಯ್ಯೋ ಪಾಪ.

ಕಿಟ್ಟಿ: ಅದು 2018. ಅಕ್ಕ ಯಾವ ಕಾಲದಲ್ಲಿದ್ದಾಳೆ? ಅದೂ ಅಲ್ಲದೆ ತಪ್ಪು ಫೋನ್ ನೋಡುತ್ತಿದ್ದವರದ್ದು.

ನಾನು: ಅಲ್ಲೇ ನನ್ನ ಜಗಳ ಇರುವುದು ಕಿಟ್ಟಿ. ಚೆನ್ನಾಗಿ ನಡೆಯುತ್ತಿರುವ ಯಂತ್ರವನ್ನು ಗಂಟೆಗಟ್ಟಲೆ ಸುಮ್ನೆ ನೋಡುತ್ತಾ ಕೂರುವುದು ಮನುಷ್ಯನಿಂದ ಆಗುವ ಕೆಲಸ ಅಲ್ಲ. ಆಫೀಸಿನಲ್ಲಿ ನನಗೆ ಆನ್‌ಕಾಲ್ ಸರದಿ ಬರುತ್ತದೆ. ಸರ್ವರ್ ಮೇಲೆ ಕಣ್ಣಿಡಲು ಅಲರ್ಟ್ ಹಾಕಿರುತ್ತೇವೆ. ಅದು ಹೊತ್ತಲ್ಲದ ಹೊತ್ತಿನಲ್ಲಿ ಕೂಗುತ್ತದೆ, ಎದ್ದು ನೋಡಿದರೆ ಏನೂ ಆಗಿರುವುದಿಲ್ಲ. ಹೀಗೇ ಆಗುತ್ತಾ ಆಗುತ್ತಾ ಯಾರೋ ಒಬ್ಬರು ಮ್ಯೂಟ್ ಮಾಡುತ್ತಾರೆ. ನಿಜವಾದ ತೊಂದರೆ ಬರುವುದು ಆಮೇಲೆ. ನಾವು ಯಾರೂ ಬೇಜವಾಬ್ದಾರಿಯವರಲ್ಲ. ಕೆಲಸವನ್ನೇ ಹಾಗೆ ಕಟ್ಟಿಟ್ಟಿದ್ದೇವೆ, ಅಷ್ಟೇ. ಲಿಸಾನ್ ಬೇನ್‌ಬ್ರಿಡ್ಜ್ ಎಂಬ ಮನಃಶಾಸ್ತ್ರಜ್ಞೆ 1983ರಲ್ಲೇ ಇದನ್ನು ಬರೆದಿದ್ದಾರೆ. ಸುಲಭದ ಭಾಗವನ್ನು ಯಂತ್ರಕ್ಕೆ ಕೊಟ್ಟು, ಕಷ್ಟದ್ದನ್ನು ಮನುಷ್ಯನಿಗೆ ಬಿಡುತ್ತೇವೆ. ಜೊತೆಗೆ ಅವನ ಅಭ್ಯಾಸವನ್ನೂ ತಪ್ಪಿಸುತ್ತೇವೆ. ಆಗ ಕಾರಿನ ಮಾತೇ ಇರಲಿಲ್ಲ, ಕಾರ್ಖಾನೆಗಳ ಬಗ್ಗೆ ಹೇಳಿದ್ದು.

ನಾನು: ಲೆಕ್ಕ ಹಾಕಿ ಚಿಕ್ಕಪ್ಪ. ಗಂಟೆಗೆ 40 ಕಿ.ಮೀ. ಅಂದರೆ ಸೆಕೆಂಡಿಗೆ 11 ಮೀಟರ್. ಫೋನಿನಿಂದ ತಲೆ ಎತ್ತಿ ಏನಾಗುತ್ತಿದೆ ಅಂತ ತಿಳಿಯಲು ಎರಡು ಸೆಕೆಂಡ್ ಸಾಕು ಅಂದುಕೊಂಡರೂ ಅಷ್ಟರಲ್ಲಿ 22 ಮೀಟರ್ ಹೋಗಿರುತ್ತೀರಿ. ಬ್ರೇಕ್ ಇನ್ನೂ ಒತ್ತಿರುವುದಿಲ್ಲ.

ಚಿಕ್ಕಪ್ಪ: ಹಾಗಾದರೆ ಬೇಸ್ ಮಾಡೆಲ್ ಸಾಕು ಅಂತೀಯಾ?

ನಾನು: ಇಲ್ಲ ಇಲ್ಲ. ತುರ್ತು ಬ್ರೇಕ್ ಇರುವ ಮಾಡೆಲನ್ನೇ ತಗೊಳ್ಳಿ, ಅದಕ್ಕೆ ದುಡ್ಡು ಕೊಡಬಹುದು. ಅಮೆರಿಕದ ವಿಮಾ ಕಂಪನಿಗಳು ನಡೆಸುವ ಐಐಎಚ್‌ಎಸ್ ಎಂಬ ಸಂಸ್ಥೆ ಇದೆ. ಮುಂದಿನ ಗಾಡಿಯ ಹಿಂಭಾಗಕ್ಕೆ ಗುದ್ದುವ ಅಪಘಾತಗಳು ಆ ಬ್ರೇಕ್ ಇರುವ ಕಾರುಗಳಲ್ಲಿ ಅರ್ಧಕ್ಕೆ ಇಳಿದಿವೆ ಅಂತ ಅವರ ಲೆಕ್ಕ. ಪಾದಚಾರಿಗಳಿಗೆ ಗುದ್ದುವುದು 27% ಕಡಿಮೆ. ಆ ಬ್ರೇಕ್ ನಿಮ್ಮ ಕೆಲಸ ಕಸಿದುಕೊಳ್ಳುವುದಿಲ್ಲ. ಓಡಿಸುವವರು ನೀವೇ, ಕಣ್ಣು ತಪ್ಪಿದಾಗ ಮಾತ್ರ ಅದು ಬರುತ್ತದೆ. ಲೇನ್ ಹಿಡಿದು ಓಡಿಸುವುದು ಇದಕ್ಕೆ ಉಲ್ಟಾ. ಅದು ಓಡಿಸುತ್ತದೆ, ಅದರ ಕಣ್ಣು ತಪ್ಪಿದಾಗ ನೀವು ಬರಬೇಕು. ಮೊದಲನೆಯದಕ್ಕೆ ಹೂಂ, ಎರಡನೆಯದಕ್ಕೆ ಊಹೂಂ. ನನ್ನ ಮಾತು ಇಷ್ಟೇ.

ಅಕ್ಕ: 27% ಅಂದರೆ ಕಾಲು ಭಾಗ ತಾನೆ? ಜಾಸ್ತಿ ಏನಲ್ಲ ಕಣೇ.

ನಾನು: ಹೌದು. ಇನ್ನೂ ಒಂದಿದೆ. ಬೀದಿದೀಪ ಇಲ್ಲದ ಕತ್ತಲ ರಸ್ತೆಯಲ್ಲಿ ಪಾದಚಾರಿ ವಿಷಯದಲ್ಲಿ ಏನೂ ವ್ಯತ್ಯಾಸವೇ ಕಾಣಲಿಲ್ಲ ಅಂತಲೂ ಅವರೇ 2022ರಲ್ಲಿ ಹೇಳಿದ್ದಾರೆ.

ಅಕ್ಕ: ಕತ್ತಲಲ್ಲಿ ತಾನೆ ಅದು ಬೇಕಾಗುವುದು!

ಅತ್ತೆ: ನನಗೆ ಒಂದು ಅನುಮಾನ. ರಾತ್ರಿ ಹೊತ್ತು ಎದುರಿನ ಲೈಟಿಗೆ ನನ್ನ ಕಣ್ಣು ಕೋರೈಸುತ್ತದೆ. ಡ್ರೈವಿಂಗ್ ಬಿಟ್ಟೇ ಬಿಟ್ಟೆ. ಎಲ್ಲಿ ಹೋಗಬೇಕಾದರೂ ಮಕ್ಕಳ ಮುಖ ನೋಡಬೇಕು. ನನ್ನಂಥವರಿಗೆ ತಾನೇ ಓಡುವ ಕಾರು ಬಂದರೆ ಒಳ್ಳೆಯದಲ್ವಾ? ಪುಟ್ಟಿ ಅದನ್ನೂ ಬೇಡ ಅಂತಾಳಾ?

ನಾನು: ಖಂಡಿತ ಇಲ್ಲ ಅತ್ತೆ. ನಿಮಗೆ ಬೇಕಾಗಿರುವುದು 4ನೇ ಹಂತ. ವೇಮೊ ಕಂಪನಿ 2020ರ ಅಕ್ಟೋಬರ್‌ನಿಂದ ಅಮೆರಿಕದ ಫೀನಿಕ್ಸ್‌ನಲ್ಲಿ ಡ್ರೈವರ್ ಇಲ್ಲದ ಟ್ಯಾಕ್ಸಿಯನ್ನು ಎಲ್ಲರಿಗೂ ಕೊಡುತ್ತಿದೆ. ಆಮೇಲೆ ಬೇರೆ ನಗರಗಳಿಗೂ ಹೋಗಿದೆ. ಹಿಂದಿನ ಸೀಟಿನಲ್ಲಿ ನಿದ್ದೆ ಮಾಡಬಹುದು. ರಸ್ತೆ ನೋಡಿಕೊಂಡಿರಿ ಅಂತ ಅದು ನಿಮ್ಮನ್ನು ಕೇಳುವುದೇ ಇಲ್ಲ. ಅಂಥದ್ದು ಬಂದರೆ ನಿಮ್ಮ ಪಕ್ಕದಲ್ಲೇ ನಾನೂ ಕೂರುತ್ತೇನೆ. ಅರ್ಧ ಓಡಿಸಿ ಅರ್ಧ ನಮ್ಮ ತಲೆಗೆ ಕಟ್ಟುವುದು ಬೇಡ ಅನ್ನುತ್ತಿದ್ದೇನೆ.

ಕಿಟ್ಟಿ: ನೋಡಿದೆಯಾ, ಕೊನೆಗೆ ನನ್ನ ದಾರಿಗೇ ಬಂದೆ. 2004ರಲ್ಲಿ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ ಮರುಭೂಮಿಯಲ್ಲಿ ಡ್ರೈವರ್ ಇಲ್ಲದ ಗಾಡಿಗಳಿಗೆ ಸ್ಪರ್ಧೆ ಇಟ್ಟಾಗ ಒಂದು ಕಾರೂ ಗುರಿ ಮುಟ್ಟಲಿಲ್ಲ. ತುಂಬಾ ದೂರ ಹೋದದ್ದು 12 ಕಿ.ಮೀ. ಕೂಡ ಓಡಲಿಲ್ಲ. ಮರುವರ್ಷವೇ ಐದು ಗಾಡಿ ಪೂರ್ತಿ ಓಡಿದವು. ಇಷ್ಟು ವೇಗದಲ್ಲಿ ಬೆಳೆಯುತ್ತಿದೆ.

ನಾನು: 2005ರಲ್ಲಿ ಮರುಭೂಮಿ ಮುಗಿಯಿತು. ಒಂದು ಊರಿನ ಟ್ಯಾಕ್ಸಿ ಆಗಲು ಇನ್ನೂ 15 ವರ್ಷ ಹಿಡಿಯಿತು. ಮೊದಲ ತೊಂಬತ್ತು ಭಾಗ ಬೇಗ ಆಗುತ್ತದೆ, ಉಳಿದ ಹತ್ತಕ್ಕೆ ಆಯಸ್ಸು ಹೋಗುತ್ತದೆ. ಕೆಲಸಕ್ಕೆ ಸೇರು, ಗೊತ್ತಾಗುತ್ತದೆ.

ಕಿಟ್ಟಿ: ಸರಿ, ಜಾಮ್ ವಿಷಯಕ್ಕೆ ಬಾ. ಅದನ್ನು ಬೊಗಳೆ ಅಂದೆಯಲ್ಲ. 2008ರಲ್ಲಿ ಜಪಾನಿನವರು ಒಂದು ಪ್ರಯೋಗ ಪ್ರಕಟಿಸಿದರು. 230 ಮೀಟರ್ ಸುತ್ತಳತೆಯ ವೃತ್ತ, 22 ಕಾರು. ಸಿಗ್ನಲ್ ಇಲ್ಲ, ಗುಂಡಿ ಇಲ್ಲ, ಅಡ್ಡ ಬರುವವರೂ ಇಲ್ಲ. ಒಂದೇ ವೇಗದಲ್ಲಿ ಓಡಿಸಿ ಅಂದರು, ಅಷ್ಟೇ. ಸ್ವಲ್ಪ ಹೊತ್ತಿಗೆ ತಾನಾಗಿಯೇ ಜಾಮ್! ಒಬ್ಬರು ಚೂರು ನಿಧಾನ ಮಾಡಿದರೆ ಹಿಂದಿನವರು ಇನ್ನೂ ಜಾಸ್ತಿ ಬ್ರೇಕ್ ಒತ್ತುತ್ತಾರೆ. ಅದು ಅಲೆಯ ಹಾಗೆ ಹಿಂದಕ್ಕೆ ಹೋಗುತ್ತದೆ. ಜಾಮ್ ಮಾಡುವುದು ಮನುಷ್ಯರೇ.

ಕಿಟ್ಟಿ: ಇನ್ನೂ ಕೇಳು. ಅದೇ ಥರದ ವೃತ್ತವನ್ನು ಅಮೆರಿಕದ ಟೂಸಾನ್‌ನಲ್ಲಿ ಮಾಡಿ, 20 ಚಿಲ್ಲರೆ ಕಾರುಗಳ ನಡುವೆ ಒಂದೇ ಒಂದು ಸ್ವಯಂಚಾಲಿತ ಕಾರು ಬಿಟ್ಟರು. ಅಲೆ ಕರಗಿಹೋಯಿತು. 2018ರಲ್ಲಿ ಪ್ರಕಟವಾಗಿದೆ. ಒಂದಕ್ಕೇ ಹೀಗಾದರೆ ಎಲ್ಲವೂ ಅಂಥವೇ ಆದರೆ? ಈಗ ಹೇಳು.

ಭಾವ: ಕಿಟ್ಟಿ ಒಳ್ಳೆಯ ಪಾಯಿಂಟ್ ಹಾಕಿದ.

ಅಪ್ಪ: ಈ ಸಲ ಕಿಟ್ಟಿಗೆ ನನ್ನ ಓಟು.

ನಾನು: ಒಳ್ಳೆಯ ಪ್ರಯೋಗವೇ, ಒಪ್ಪುತ್ತೇನೆ. ಆದರೆ ಆ ವೃತ್ತದಲ್ಲಿ 22 ಕಾರು 22 ಆಗಿಯೇ ಉಳಿಯುತ್ತವೆ ಕಿಟ್ಟಿ. ಹೊಸಬರು ಬರುವುದಿಲ್ಲ. ನಗರದಲ್ಲಿ ಜಾಗ ಖಾಲಿಯಾದ ಕೂಡಲೇ ಇನ್ನೊಬ್ಬರು ಬರುತ್ತಾರೆ. ಅಮೆರಿಕದ ದೊಡ್ಡ ಹೆದ್ದಾರಿಗಳ ಲೆಕ್ಕ ಹಿಡಿದು ಡುರಾಂಟನ್, ಟರ್ನರ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 2011ರಲ್ಲಿ ತೋರಿಸಿದರು. ರಸ್ತೆ ಎಷ್ಟು ಪಾಲು ಹೆಚ್ಚಿತೋ ಗಾಡಿಗಳ ಓಡಾಟವೂ ಹೆಚ್ಚುಕಮ್ಮಿ ಅಷ್ಟೇ ಪಾಲು ಹೆಚ್ಚಿತು. ಜಾಣ ಕಾರು ಹತ್ತಿರ ಹತ್ತಿರ ಓಡಿದರೂ ಅದು ಹೊಸ ಲೇನ್ ಹಾಕಿದ ಹಾಗೇ ತಾನೆ?

ನಾನು: ಇನ್ನೊಂದು ನನಗೆ ತುಂಬಾ ಇಷ್ಟವಾದದ್ದು. ಡ್ರೈವರ್ ಇಲ್ಲದ ಕಾರು ಕೈಗೆ ಬಂದರೆ ಜನ ಏನು ಮಾಡುತ್ತಾರೆ ಅಂತ ನೋಡಬೇಕಿತ್ತು. ಕೊಳ್ಳಲು ಅಂಥ ಕಾರು ಆಗ ಇರಲಿಲ್ಲ. ಅದಕ್ಕೆ ಸಂಶೋಧಕರು ಸ್ಯಾನ್ ಫ್ರಾನ್ಸಿಸ್ಕೊ ಕಡೆಯ 13 ಜನರಿಗೆ ಒಂದು ವಾರ ಪುಕ್ಕಟೆ ಡ್ರೈವರ್ ಕೊಟ್ಟರು. ಇದೂ 2018ರಲ್ಲೇ ಪ್ರಕಟವಾದದ್ದು. ಆ ವಾರ ಅವರ ಕಾರುಗಳು ಓಡಿದ ದೂರ 83% ಜಾಸ್ತಿ. ಅದರಲ್ಲಿ ಮಾಲೀಕರೇ ಒಳಗಿಲ್ಲದ ಓಡಾಟವೂ ಸಾಕಷ್ಟಿತ್ತು.

ಕಿಟ್ಟಿ: 13 ಜನ ಒಂದು ಲೆಕ್ಕಾನಾ ಅಕ್ಕ?

ನಾನು: ಚಿಕ್ಕ ಲೆಕ್ಕವೇ. 83 ಅಲ್ಲ, 20 ಅಂತಲೇ ಇಟ್ಟುಕೋ. ಈಗಿನ ರಸ್ತೆಯಲ್ಲಿ 20% ಜಾಸ್ತಿ ಗಾಡಿ ಎಲ್ಲಿ ಹಿಡಿಸುತ್ತದೆ? ಜಾಮ್‌ನಲ್ಲಿ ಕೂತು ನಮಗೆ ಬೇಜಾರಾಗುತ್ತದೆ. ಅದಕ್ಕೇ ಕೆಲವು ಸಲ ಬಸ್ಸು ಹಿಡಿಯುತ್ತೇವೆ, ಕೆಲವು ಸಲ ಹೋಗುವುದನ್ನೇ ಬಿಡುತ್ತೇವೆ. ಖಾಲಿ ಕಾರಿಗೆ ಬೇಜಾರಾಗುವುದಿಲ್ಲ. ಪಾರ್ಕಿಂಗ್ ಸಿಗದಿದ್ದರೆ ಬೀದಿ ಸುತ್ತುತ್ತಾ ಇರು ಅಂದರೆ ಸುತ್ತುತ್ತಲೇ ಇರುತ್ತದೆ.

ಕಿಟ್ಟಿ: ಎಲ್ಲರೂ ಹಂಚಿಕೊಂಡು ಹೋದರೆ ಗಾಡಿ ಕಡಿಮೆ ಆಗುತ್ತದಲ್ಲ.

ನಾನು: ಹಂಚಿಕೊಂಡು ಹೋಗುವ ದೊಡ್ಡ ಗಾಡಿ ಆಗಲೇ ಇದೆ. ಅದರಲ್ಲಿ ನೀನು ಹತ್ತುವುದಿಲ್ಲ.

ಅಕ್ಕ: ಹಹಹ.

ಕಿಟ್ಟಿ: ಈ ಸಂದೇಶವನ್ನು ಅಳಿಸಲಾಗಿದೆ.

ಭಾವ: ಏನು ಅಳಿಸಿದೆಯೋ?

ಅಕ್ಕ: ತಂತ್ರಜ್ಞಾನ ಅಂದಿರಲ್ಲ, ನನ್ನ ದೂರು ಕೇಳಿ. ನಮ್ಮ ಕಾರಿನಲ್ಲಿ ಒಂದು ಬಟನ್ ಇಲ್ಲ, ಎಲ್ಲ ಸ್ಕ್ರೀನ್. ಮಳೆಯಲ್ಲಿ ಗಾಜಿಗೆ ಮಂಜು ಕಟ್ಟಿದರೆ ಎಸಿ ಗಾಳಿಯನ್ನು ಗಾಜಿನ ಕಡೆ ತಿರುಗಿಸಲು ಮೆನು ಒಳಗೆ ಮೆನು. ನಿಮ್ಮ ಭಾವನಿಗೆ ಹೇಳಿದರೆ ಅಭ್ಯಾಸ ಆಗುತ್ತದೆ ಅಂತಾರೆ.

ನಾನು: ಇದರಲ್ಲಿ ಅಕ್ಕನ ಪರ. ಸ್ವೀಡನ್ನಿನ ಒಂದು ಕಾರು ಪತ್ರಿಕೆ 2022ರಲ್ಲಿ ಪರೀಕ್ಷೆ ಮಾಡಿತ್ತು. ಗಂಟೆಗೆ 110 ಕಿ.ಮೀ. ವೇಗದಲ್ಲಿ ರೇಡಿಯೊ ಬದಲಿಸುವಂಥ ನಾಲ್ಕು ಸಣ್ಣ ಕೆಲಸ. ಬಟನ್ ಇರುವ 2005ರ ವೋಲ್ವೊದಲ್ಲಿ 10 ಸೆಕೆಂಡಿಗೆ ಮುಗಿಯಿತು. ಹೊಸ ಕಾರುಗಳಲ್ಲಿ ತೀರಾ ಹಿಂದೆ ಬಿದ್ದದ್ದಕ್ಕೆ 44.6 ಸೆಕೆಂಡ್ ಬೇಕಾಯಿತು. ಅಷ್ಟರಲ್ಲಿ ಕಾರು ಒಂದು ಕಿಲೋಮೀಟರಿಗಿಂತ ಜಾಸ್ತಿ ಓಡಿರುತ್ತದೆ. ನಮ್ಮ ಕಸುಬಿನವರು ಮಾಡಿದ ಪಾಪ ಇದು. ಬಟನ್ ತೆಗೆದರೆ ಖರ್ಚು ಉಳಿಯುತ್ತದೆ, ಮುಂದೆ ಅಪ್‌ಡೇಟ್‌ನಲ್ಲಿ ಸರಿ ಮಾಡೋಣ ಅಂತ ಹೇಳಿಕೊಳ್ಳಬಹುದು. ಯುರೋಪಿನಲ್ಲಿ ಕಾರುಗಳ ಸುರಕ್ಷತೆಗೆ ಅಂಕ ಕೊಡುವ ಯುರೋ ಎನ್‌ಕ್ಯಾಪ್‌ನವರು 2026ರಿಂದ ಇಂಡಿಕೇಟರ್, ವೈಪರ್, ಹಾರ್ನ್, ಹಜಾರ್ಡ್ ಲೈಟ್‌ಗೆಲ್ಲ ಕೈಗೆ ಸಿಗುವ ಸ್ವಿಚ್ ಇಲ್ಲದಿದ್ದರೆ ಅಂಕ ಕಡಿಮೆ ಮಾಡುತ್ತೇವೆ ಅಂದಿದ್ದಾರೆ. ಸದ್ಯ!

ಭಾವ: ಆಯಿತು, ನಾನು ಸೋತೆ. ಎರಡು ಕಡೆಯಿಂದಲೂ ಬೈಸಿಕೊಳ್ಳಲಾರೆ.

ಚಿಕ್ಕಪ್ಪ: ನೀವೆಲ್ಲ ನಿಮ್ಮ ನಿಮ್ಮ ಜಗಳ ಮಾಡಿಕೊಂಡಿರಿ. ನನಗೆ ಕೆಲಸಕ್ಕೆ ಬರುವ ಮಾತು ಹೇಳು ಪುಟ್ಟಿ. ಟೆಸ್ಟ್ ಡ್ರೈವ್‌ಗೆ ಹೋದಾಗ ಏನು ನೋಡಲಿ?

ನಾನು: ಅವರು ತೋರಿಸುವ ಖಾಲಿ ರಸ್ತೆ ಬೇಡ ಅನ್ನಿ. ಸಂಜೆ, ಜನ ಗಿಜಿಗುಡುವ ಹೊತ್ತಿಗೆ ಹೋಗಿ. ಲೇನ್ ಅಸಿಸ್ಟ್ ಒಮ್ಮೆ ಆಫ್ ಮಾಡಿದರೆ ಮುಂದಿನ ಸಲ ಸ್ಟಾರ್ಟ್ ಮಾಡಿದಾಗ ಮತ್ತೆ ಆನ್ ಆಗಿರುತ್ತದಾ ಕೇಳಿ. ಆಗುತ್ತದೆ ಅಂದರೆ ದಿನಾ ತಲೆನೋವು. ತುರ್ತು ಬ್ರೇಕ್ ಪಾದಚಾರಿ ಮತ್ತು ಬೈಕ್ ಎರಡನ್ನೂ ಗುರುತಿಸುತ್ತದಾ, ಎಷ್ಟು ವೇಗದವರೆಗೆ, ಅದನ್ನು ಬಾಯಲ್ಲಿ ಕೇಳಬೇಡಿ, ಮ್ಯಾನುಯಲ್ ತೆಗೆಸಿ ಓದಿ. ಕ್ಯಾಮೆರಾ ಸಾಮಾನ್ಯವಾಗಿ ಮುಂದಿನ ಗಾಜಿನ ಮೇಲ್ಭಾಗದಲ್ಲಿ ಇರುತ್ತದೆ. ಗಾಜು ಒಡೆದು ಹೊಸದು ಹಾಕಿಸಿದರೆ ಕ್ಯಾಲಿಬ್ರೇಷನ್, ಅಂದರೆ ಕ್ಯಾಮೆರಾ ಸರಿಯಾಗಿ ನೋಡುವಂತೆ ಮತ್ತೆ ಹೊಂದಿಸುವುದು, ಮಾಡಿಸಬೇಕು, ಅದಕ್ಕೆ ಎಷ್ಟಾಗುತ್ತದೆ ಕೇಳಿ. ರೇಡಾರ್ ಇದ್ದರೆ ಗ್ರಿಲ್ ಅಥವಾ ಬಂಪರ್ ಹಿಂದೆ ಇರುತ್ತದೆ. ಅದರ ಮುಂದೆ ಗಾರ್ಡ್ ಗೀರ್ಡ್ ಹಾಕಿಸಬೇಡಿ, ಅಡ್ಡ ಬಂದರೆ ಅದಕ್ಕೆ ಏನೂ ಕಾಣುವುದಿಲ್ಲ.

ಚಿಕ್ಕಪ್ಪ: ಆಕ್ಸೆಸರಿ ಲಿಸ್ಟಿನಲ್ಲಿ ಗಾರ್ಡ್ ಬರೆಸಿಬಿಟ್ಟಿದ್ದೇನಲ್ಲ.

ನಾನು: ತೆಗೆಸಿ.

ಕಿಟ್ಟಿ: ಗಾಜಿನ ಮೇಲ್ಭಾಗಕ್ಕೆ ಅಂತ ನಾನು ಒಂದು ಸ್ಟಿಕ್ಕರ್ ಮಾಡಿಸಿದ್ದೆ.

ನಾನು: ಹಿಂದಿನ ಗಾಜಿಗೆ ಅಂಟಿಸು.

ಅತ್ತೆ: ಆ ಫಾರ್ವರ್ಡನ್ನು ನಾನು ಆಗಲೇ ಹತ್ತು ಜನರಿಗೆ ಕಳಿಸಿಬಿಟ್ಟೆ. ಈಗ ಪುಟ್ಟಿ ಬರೆದದ್ದನ್ನೂ ಕಳಿಸಲಾ?